ತುರ್ಕಿ ದಫ್ತರದ ‘ಹಾನೆ’ಗೆ ಕನ್ನಡದಲ್ಲಿ ಏನನ್ನೋಣ: ಮನೆಯೋ, ಒಕ್ಕಲೋ?

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದೇ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಬಿಡಿಸಿಕೊಡಿ.

ತುರ್ಕಿಯ ಜನ ತಮ್ಮ ಮುತ್ತಜ್ಜ, ಮರಿಯಜ್ಜಂದಿರನ್ನು ಒಟ್ಟೋಮನ್ ಕಾಲದ ಜನಗಣತಿ, ತೆರಿಗೆ ಲೆಕ್ಕಗಳಲ್ಲಿ ಹೇಗೆ ಹುಡುಕುತ್ತಾರೆ ಅನ್ನೋದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 2018ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ವಂಶಾವಳಿಯನ್ನು ಆನ್‌ಲೈನಿನಲ್ಲಿ ನೋಡೋಕೆ ಬಿಟ್ಟಾಗ ಜನ ಎಷ್ಟು ಮುಗಿಬಿದ್ದರು ಅಂದರೆ ತಾಣವೇ ನಿಂತುಹೋಯಿತು. ಆದರೆ ಆ ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹಿಂದಕ್ಕೆ ಹೋಗಬೇಕಾದರೆ ಹಳೆಯ ದಫ್ತರಗಳನ್ನೇ ಬಿಚ್ಚಬೇಕು. ಅವು ಅರಬ್ಬಿ ಲಿಪಿಯಲ್ಲಿವೆ. 1928ರಲ್ಲಿ ಲಿಪಿ ಬದಲಾದ ಮೇಲೆ ಮೊಮ್ಮಕ್ಕಳಿಗೆ ಅಜ್ಜನ ಹೆಸರೇ ಓದೋಕೆ ಬರುವುದಿಲ್ಲ. ಇನ್ನು ಮನೆತನದ ಹೆಸರು ಎಲ್ಲರಿಗೂ ಕಡ್ಡಾಯವಾದದ್ದು 1934ರ ಕಾನೂನಿನಿಂದ. ಅದಕ್ಕೂ ಹಿಂದೆ ‘ಅಲಿಯ ಮಗ ಮೆಹ್ಮೆದ್’ ಅಷ್ಟೇ. ಒಂದೇ ಹಳ್ಳಿಯಲ್ಲಿ ಇಂಥ ಮೆಹ್ಮೆದರು ಎಷ್ಟು ಮಂದಿ ಇರಬಹುದು, ನೀವೇ ಯೋಚಿಸಿ.

ಈಗ ಪದಕ್ಕೆ ಬರ್ತೀನಿ. ಈ ಲೆಕ್ಕಗಳ ತುಂಬ ಬರುವ ಪದ ‘ಹಾನೆ’. ಇದು ಪಾರಸಿಯ ‘ಖಾನಾ’, ಅಂದರೆ ನಮ್ಮ ಕಾರ್ಖಾನೆ, ದವಾಖಾನೆಯ ಖಾನೆಯೇ. ನಮ್ಮ ಹಿರಿಯರು ಜನಗಣತಿಗೆ ಖಾನೇಷುಮಾರಿ ಅನ್ನುತ್ತಿದ್ದರಲ್ಲ, ಅಲ್ಲೂ ಇದೇ ಖಾನೆ. ಖಾನೆ ಅಂದರೆ ಮನೆ, ಷುಮಾರಿ ಅಂದರೆ ಎಣಿಕೆ. ಹಾಗಾದರೆ ಸುಮ್ನೆ ‘ಮನೆ’ ಅಂತ ಬರೆದು ಮುಂದಕ್ಕೆ ಹೋಗಬಹುದಿತ್ತು, ಅಲ್ವಾ? ಮೊದಲು ಹಾಗೇ ಬರೆದೆ. ಆಮೇಲೆ ಎಡವಿದೆ.

15, 16ನೇ ಶತಮಾನದ ‘ತಹ್ರೀರ್’ ದಫ್ತರಗಳಲ್ಲಿ, ಅಂದರೆ ಊರೂರಿನ ತೆರಿಗೆದಾರರನ್ನು ಬರೆದಿಟ್ಟ ಲೆಕ್ಕಗಳಲ್ಲಿ, ಹಾನೆ ಅಂದರೆ ಮದುವೆಯಾಗಿ ತೆರಿಗೆ ಕಟ್ಟುವ ಗಂಡಸು, ಅವನ ಜೊತೆ ಅವನ ಸಂಸಾರ. ಕಲ್ಲು ಮಣ್ಣಿನ ಮನೆಯಲ್ಲ. ಒಂದೇ ಸೂರಿನಡಿ ಅಪ್ಪ ಮತ್ತು ಮದುವೆಯಾದ ಮಗ ಇದ್ದರೆ ಎರಡು ಹಾನೆ ಆಗಬಹುದು. ಇತಿಹಾಸಕಾರ ಓಮೆರ್ ಲುತ್ಫಿ ಬರ್ಕಾನ್ ಒಂದು ಹಾನೆಗೆ 5 ಜನ ಅಂತ ಹಿಡಿದು ಊರಿನ ಜನಸಂಖ್ಯೆ ಅಂದಾಜು ಮಾಡಿದರು. ಆ 5 ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ಇದೆ. 17ನೇ ಶತಮಾನದ ‘ಅವಾರಿಜ್’ ತೆರಿಗೆಗೆ ಬಂದರೆ ಹಾನೆ ಬರೀ ಲೆಕ್ಕದ ಮಾತು. ಹಲವು ನಿಜವಾದ ಮನೆಗಳನ್ನು ಸೇರಿಸಿ ‘ಒಂದು ಹಾನೆ’ ಅಂತ ಕಟ್ಟಿ ತೆರಿಗೆ ಹಾಕುತ್ತಿದ್ದರು. ಅಲ್ಲಿ ‘ಊರಲ್ಲಿ 4 ಮನೆ ಇದ್ದವು’ ಅಂತ ಕನ್ನಡದಲ್ಲಿ ಬರೆದರೆ ದೊಡ್ಡ ಊರನ್ನೇ ಕೊಂಪೆ ಮಾಡಿದ ಹಾಗೆ. ಆಮೇಲೆ 1844-45ರ ‘ತೆಮೆತ್ತುಆತ್’ ಬಂತು. ಯಾರಿಗೆ ಎಷ್ಟು ಹೊಲ, ಎಷ್ಟು ಹಸು, ಏನು ಕಸುಬು, ವರ್ಷದ ಆದಾಯ ಎಷ್ಟು ಅಂತ ಬರೆದ ಲೆಕ್ಕ. ವಂಶ ಹುಡುಕುವವರಿಗೆ ಇದೇ ಹಬ್ಬದೂಟ. ಇಲ್ಲಿ ಹಾನೆ ಮತ್ತೆ ಹೆಚ್ಚುಕಡಿಮೆ ನಿಜವಾದ ಸಂಸಾರವೇ, ಕ್ರಮಸಂಖ್ಯೆ ಸಮೇತ.

ನನಗೆ ಹೊಳೆದದ್ದು ‘ಒಕ್ಕಲು’. ‘ಆ ಊರಲ್ಲಿ ನಲವತ್ತು ಒಕ್ಕಲು’ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹಾಗಂದಾಗ ಅವರು ಸೂರು ಎಣಿಸುತ್ತಿರಲಿಲ್ಲ, ಒಲೆ ಬೇರೆಯಾದ ಸಂಸಾರಗಳನ್ನು ಎಣಿಸುತ್ತಿದ್ದರು. ತಹ್ರೀರಿಗೂ ತೆಮೆತ್ತುಆತಿಗೂ ಇದು ಚೆನ್ನಾಗಿ ಕೂರುತ್ತದೆ. ಅವಾರಿಜಿಗೆ ಮಾತ್ರ ‘ತೆರಿಗೆ ಹಾನೆ’ ಅಂತಲೇ ಇಡೋಣ ಅಂದುಕೊಂಡಿದ್ದೇನೆ.

ಹತ್ತಿರದ್ದೇ ಇನ್ನೊಂದೆರಡು ತೊಡಕು. ತಹ್ರೀರಿನಲ್ಲಿ ಮದುವೆಯಾಗದ, ತೆರಿಗೆಗೆ ಬರುವ ಗಂಡಸಿಗೆ ‘ಮುಜೆರ್ರೆದ್’ ಅಂತಾರೆ. ‘ಬ್ರಹ್ಮಚಾರಿ’ ಅಂದರೆ ನಮಗೆ ಜನಿವಾರ, ಭಿಕ್ಷಾಪಾತ್ರೆ ನೆನಪಾಗುತ್ತದೆ. ‘ಒಂಟಿಯಾಳು’ ಆಗಬಹುದಾ? ‘ಚಿಫ್ತ್’ ಅಂದರೆ ಜೋಡಿ, ಎರಡು ಎತ್ತು ಉಳುವಷ್ಟು ಜಮೀನು. ಮಣ್ಣು ಹೇಗಿದೆ ಅನ್ನೋದರ ಮೇಲೆ 60ರಿಂದ 150 ‘ದೋನುಮ್’ ಇರುತ್ತಿತ್ತು. ಹಳೆಯ ದೋನುಮ್ ಒಂದಕ್ಕೆ ನಮ್ಮ ಸುಮಾರು 9 ಗುಂಟೆ. ಇದಕ್ಕೆ ‘ಒಂದು ಜೊತೆ ಎತ್ತಿನ ಆರಂಬ’ ಅಂತ ಬರೆದೆ, ಯಾರೂ ಆಕ್ಷೇಪಿಸಲಾರರು. ಮದುಮಗಳ ಲೆಕ್ಕದಲ್ಲಿ ವಸೂಲಿ ಮಾಡುತ್ತಿದ್ದ ತೆರಿಗೆಗೂ ಜಾಸ್ತಿ ಹುಡುಕಬೇಕಾಗಲಿಲ್ಲ. ವಿಜಯನಗರ ಕಾಲದ ‘ಮದುವೆ ಸುಂಕ’ ಇದ್ದೇ ಇದೆ.

ಪರಿಚಿತ ಪದಗಳೇ ಜಾಸ್ತಿ ಮೋಸ ಮಾಡುತ್ತವೆ. ‘ಹಿಸ್ಸೆ’ ಅಲ್ಲೂ ಪಾಲೇ, ‘ಮುಆಫ್’ ನಮ್ಮ ಮಾಫಿಯೇ. ಆದರೆ ‘ರೆಆಯಾ’ ನೋಡಿ ‘ರೈತರು’ ಅಂತ ಬರೆದೀರಿ, ಜೋಕೆ. ಬೇರು ಒಂದೇ ಆದರೂ ಅಲ್ಲಿ ಅದು ತೆರಿಗೆ ಕಟ್ಟುವ ಪ್ರಜೆ. ಪೇಟೆಯ ಚಮ್ಮಾರನೂ ರೆಆಯಾ. ಹಾಗೇ ‘ಅಬ್ದುಲ್ಲಾನ ಮಗ’ ಅಂತ ಇದ್ದರೆ ಆ ಅಬ್ದುಲ್ಲಾನನ್ನು ಹುಡುಕಿಕೊಂಡು ಹೊರಡಬೇಡಿ. ಹೊಸದಾಗಿ ಇಸ್ಲಾಂಗೆ ಸೇರಿದವರಿಗೆ ಅಪ್ಪನ ಹೆಸರಿನ ಜಾಗದಲ್ಲಿ ಹಾಗೆ ಬರೆಯುವ ರೂಢಿ ಇತ್ತು. ಅದರ ಅರ್ಥವೇ ದೇವರ ದಾಸ.

‘ದೆಫ್ತೆರ್’ಗೆ ‘ಕಡತ’ ಅನ್ನಿ ಅಂತ ಗೆಳೆಯರೊಬ್ಬರು ಸೂಚಿಸಿದರು. ಕಡತ ಅಂದರೆ ಹುಣಿಸೆಬೀಜದ ಸರಿ ಬಳಿದು ಕಪ್ಪು ಮಾಡಿದ ಬಟ್ಟೆ, ಬಳಪದಲ್ಲಿ ಬರೆಯುವಂಥದ್ದು. ದೆಫ್ತೆರ್ ಗ್ರೀಕಿನಲ್ಲಿ ಚರ್ಮ ಅನ್ನುವ ಪದದಿಂದ ಬಂದದ್ದು. ನಮ್ಮಲ್ಲೇ ದಫ್ತರ ಇರುವಾಗ ಬಟ್ಟೆ ಯಾಕೆ?

ಕೊನೆಯದು ನನಗೆ ತುಂಬ ಇಷ್ಟವಾದ ಪದ. ಒಟ್ಟೋಮನ್ ಸುಲ್ತಾನ ಎರಡನೇ ಮಹಮೂದನ ಕಾಲದಲ್ಲಿ, 1830-31ರಲ್ಲಿ ನಡೆದ ಎಣಿಕೆಯಲ್ಲಿ ಹೆಂಗಸರನ್ನು ಬರೆಯಲೇ ಇಲ್ಲ. ಬೇಕಾಗಿದ್ದು ಸೈನ್ಯಕ್ಕೆ ಆಳು, ಖಜಾನೆಗೆ ತೆರಿಗೆ. ಫೋಟೋ ಇಲ್ಲದ ಕಾಲ, ಹಾಗಾಗಿ ಒಬ್ಬೊಬ್ಬನ ಗುರುತನ್ನೂ ಬರೆದರು: ‘ಮಧ್ಯಮ ಎತ್ತರ, ಕಪ್ಪು ಗಡ್ಡ’, ‘ಎತ್ತರದ ಆಳು, ಬಿಳಿ ಗಡ್ಡ’. ಹುಡುಗರ ಮುಂದೆ ‘ತೇರ್ ಬಿಯಿಕ್ಲಿ’ ಅಂತ ಇರುತ್ತದೆ. ತುರ್ಕಿಯಲ್ಲಿ ತೇರ್ ಅಂದರೆ ಬೆವರು, ಬಿಯಿಕ್ಲಿ ಅಂದರೆ ಮೀಸೆಯವನು. ಮೀಸೆ ಮೂಡುವುದಕ್ಕೆ ಅವರು ‘ಮೀಸೆ ಬೆವರಿತು’ ಅಂತಾರೆ. ನಿಘಂಟು ನಂಬಿ ನಾನು ‘ಬೆವರಿದ ಮೀಸೆಯವನು’ ಅಂತ ಬರೆದು ಮನೆಯಲ್ಲಿ ಓದಿ ಹೇಳಿದೆ. ಮಗಳು ಬಿದ್ದುಬಿದ್ದು ನಕ್ಕಳು. ಈಗ ‘ಚಿಗುರುಮೀಸೆ’ ಅಂತ ತಿದ್ದಿದ್ದೇನೆ.

ನಿಮ್ಮನ್ನು ಕೇಳಬೇಕಾದದ್ದು ಇಷ್ಟು. ಕರಾವಳಿಯಲ್ಲಿ ಒಕ್ಕಲು ಅಂದರೆ ಧಣಿಯ ಗೇಣಿದಾರ ಅನ್ನುವ ಅರ್ಥವೇ ಮೊದಲು ಬರುತ್ತದೆ ಅಂತ ಕೇಳಿದ್ದೇನೆ. ಅಲ್ಲಿನವರು ‘ಹಳ್ಳಿಯಲ್ಲಿ 32 ಒಕ್ಕಲು’ ಅಂತ ಓದಿದರೆ ಸ್ವಂತ ಹೊಲದವರನ್ನೂ ಗೇಣಿದಾರರು ಅಂದುಕೊಳ್ಳುತ್ತಾರಾ? ಹಾಗಿದ್ದರೆ ‘ಸಂಸಾರ’ ಅಂತ ಬದಲಾಯಿಸುತ್ತೇನೆ. ಬಡಗಣ ಕರ್ನಾಟಕದವರು ಮನೆ ಎಣಿಸುವಾಗ ಬಳಸುವ ಬೇರೆ ಮಾತು ಇದ್ದರೆ ಅದನ್ನೂ ತಿಳಿಸಿ.