ಪದ ಬೇಕು: ಮಣ್ಣು ಉಳಿಸಿದ ರೈತರಿಗೆ ಸರ್ಕಾರ ಕೊಡುವ ಹಣ

ಬೆಂಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳ್ಳಿಗಾಡಿನ ಒಂದು ಕೌಂಟಿಯ (ರಾಜ್ಯದೊಳಗಿನ ಆಡಳಿತ ವಿಭಾಗ) ರೈತರಿಗೆ ಸಿಗುವ ಸರ್ಕಾರಿ ಹಣದ ಬಗ್ಗೆ ಕೃಷಿ ಪತ್ರಿಕೆಗೆ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ದೊಡ್ಡ ಬಾಬ್ತು ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂನದು, 1985ರ ಕಾಯ್ದೆಯಿಂದ ಬಂದದ್ದು. ಮಣ್ಣು ಕೊಚ್ಚಿಹೋಗುವ ಹೊಲದಲ್ಲಿ ರೈತ ಬೆಳೆ ನಿಲ್ಲಿಸಿ ಹುಲ್ಲೋ ಮರವೋ ಬೆಳೆಸಬೇಕು. 10ರಿಂದ 15 ವರ್ಷದ ಕರಾರು, ವರ್ಷವರ್ಷ ಎಕರೆ ಲೆಕ್ಕದಲ್ಲಿ ದುಡ್ಡು. ಹುಲ್ಲು ಬಿತ್ತುವ ಖರ್ಚಿನಲ್ಲೂ ಅರ್ಧದವರೆಗೆ ಸರ್ಕಾರ ಕೊಡುತ್ತದೆ. ಎಲ್ಲಕ್ಕೂ ಸೇರಿಸಿ ‘ಸಂರಕ್ಷಣಾ ಸಹಾಯಧನ’ ಎಂದು ಹಾಕಿದ್ದೇನೆ. ಸಂಪಾದಕರು ಒಪ್ಪುತ್ತಿಲ್ಲ. ಬೇರೆ ಪದ ಇದೆಯಾ? ಕೌಂಟಿಗೆ ಜಿಲ್ಲೆ ಅನ್ನಬಹುದಾ?

ಮೈಸೂರಿನಿಂದ:
ಸಂರಕ್ಷಣೆ, ಸಹಾಯ, ಧನ. ಮೂರೂ ಸಂಸ್ಕೃತ. ‘ಬೀಳುಹಣ’ ಎನ್ನಿ. ಉಳದೆ ಬಿಟ್ಟ ನೆಲ ಬೀಳು. ಹಳಗನ್ನಡದ ಬೀೞ್, ತಮಿಳಿನ ವೀೞ್. ೞ ಎಂಬ ಹಳೆಯ ಅಕ್ಷರ ಕೈಬಿಟ್ಟ ಮೇಲೆ ನಮಗೆ ಈ ನಂಟುಗಳೇ ಕಾಣದಾಗಿವೆ.

ಧಾರವಾಡದಿಂದ:
> ಹಳಗನ್ನಡದ ಬೀೞ್
ಇಲ್ಲ. ಇದೇ ಅರ್ಥಕ್ಕೆ ‘ಬೀಡು’ ಎಂಬ ರೂಪವೂ ಇದೆ. ಕೆಡು–ಕೇಡು, ಪಡು–ಪಾಡು ಇದ್ದಂತೆ ಬಿಡು–ಬೀಡು. ಬಿಟ್ಟ ನೆಲ, ಬಿದ್ದ ನೆಲ ಅಲ್ಲ. ಅದಕ್ಕಿಂತ ಮುಖ್ಯ, ಅರ್ಥವೇ ಹೊಂದುವುದಿಲ್ಲ. ಬೀಳು ಅಂದರೆ ಸುಮ್ನೆ ಬಿಟ್ಟದ್ದು. ಅಲ್ಲಿ ರೈತ ಹುಲ್ಲು ಬಿತ್ತಬೇಕು, ಕಳೆ ಹತೋಟಿಯಲ್ಲಿ ಇಡಬೇಕು, ಕರಾರು ಮುರಿದರೆ ಪಡೆದದ್ದನ್ನು ಹಿಂದಿರುಗಿಸಬೇಕು. 1930ರ ದಶಕದಲ್ಲಿ ಕಾನ್ಸಾಸ್, ಒಕ್ಲಹೋಮಾ ಕಡೆಯ ಬಯಲಲ್ಲಿ ಉತ್ತ ಮೇಲ್ಮಣ್ಣೇ ದೂಳಾಗಿ ಎದ್ದು ಹೋಯಿತು. ಮಣ್ಣು ಕಾಯುವುದಕ್ಕೇ ಒಂದು ಇಲಾಖೆ 1935ರಲ್ಲಿ ಹುಟ್ಟಿತು. ಅಂಥ ನೆಲ ಹಿಡಿದಿಡುವ ಕೆಲಸವನ್ನು ‘ಬೀಳು’ ಎಂದರೆ ಓದುವವರಿಗೆ ಏನೂ ಮಾಡದವರಿಗೆ ಕೊಟ್ಟ ದುಡ್ಡು ಅನ್ನಿಸುತ್ತದೆ.
ಎರಡು ಹಣಕ್ಕೆ ಒಂದೇ ಹೆಸರು ಬೇಡ. ಬಿತ್ತನೆ ಖರ್ಚಿನ ಪಾಲು ಸಬ್ಸಿಡಿ. ಹನಿ ನೀರಾವರಿ ಪೈಪಿಗೆ ಸಿಗುವುದನ್ನು ನಮ್ಮವರು ಹಾಗೇ ಕರೆಯುತ್ತಾರೆ. ವರ್ಷದ ಹಣ ಬಾಡಿಗೆ. ಅಲ್ಲಿನ ಕಾಗದದಲ್ಲೂ ಹಾಗೇ ಇದೆ. ಆ ಕೌಂಟಿಯ ಖುಷ್ಕಿ (ಮಳೆ ನಂಬಿದ) ಹೊಲ ಎಷ್ಟಕ್ಕೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹೋಗುತ್ತದೆ, ಮಣ್ಣು ಎಂಥದ್ದು ಎಂದು ನೋಡಿಯೇ ದರ ಕಟ್ಟುತ್ತಾರೆ.

ಬೆಂಗಳೂರಿನಿಂದ:
ಬಾಡಿಗೆಯೇ ಆದರೆ ‘ಗೇಣಿ’ ಅನ್ನಲಾ?

ಸಾಗರದಿಂದ:
ಖಂಡಿತ ಬೇಡ. ಗೇಣಿ ಎಂದರೆ ಉಳುವವನು ಒಡೆಯನಿಗೆ ಅಳೆದು ಕೊಟ್ಟದ್ದು. ಧಾನ್ಯ ಅಳೆಯುವ ಆ ಕೊಳಗಕ್ಕಾಗಿಯೇ 1951ರಲ್ಲಿ ನಮ್ಮ ಕಡೆಯ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು. ನಮ್ಮ ಊರುಗಳಲ್ಲಿ ಆ ಮಾತಿಗೆ ಇನ್ನೂ ನೋವಿದೆ. ‘ನೆಲಬಾಡಿಗೆ’ ಸಾಕು.

ಮೈಸೂರಿನಿಂದ:
ನೆಲಬಾಡಿಗೆ ನಡೆಯುತ್ತದೆ. ಸಬ್ಸಿಡಿ ನಡೆಯುವುದಿಲ್ಲ. ‘ನೆರವು’ ಎಂಬ ನಮ್ಮದೇ ಮಾತಿರುವಾಗ ಇಂಗ್ಲಿಷ್ ಯಾಕೆ? ಇವತ್ತು ಸಬ್ಸಿಡಿ, ನಾಳೆ ಬೇಸಾಯವೂ ಹೋಗುತ್ತದೆ.

ಧಾರವಾಡದಿಂದ:
ರೈತ ಅರಬ್ಬಿಯಿಂದ ಬಂದದ್ದು, ಸರ್ಕಾರ ಪಾರಸಿಯಿಂದ. ಅವನ್ನೂ ತೆಗೆಯೋಣವಾ? ನೆರವು ಬರ ಬಂದಾಗಲೂ ಕೊಡುತ್ತಾರೆ. ಖರ್ಚಿನಲ್ಲಿ ಪಾಲು ಎಂಬ ಅರ್ಥ ಅದರಲ್ಲಿ ಇಲ್ಲ. ರೈತರ ಬಾಯಲ್ಲಿ ನಿಂತ ಪದ ಕನ್ನಡದ್ದೇ.

ಸಾಗರದಿಂದ:
ಈ ಜಗಳಕ್ಕೆ ಬೇರೆ ಎಳೆ ತೆಗೆಯಿರಿ, ಅವರಿಗೆ ನಾಳೆ ಅಚ್ಚು. ಕೌಂಟಿಯನ್ನು ಕೌಂಟಿ ಎಂದೇ ಬಿಡಿ. ಜಿಲ್ಲೆ ಎಂದರೆ ತೊಡಕು, ಯಾಕೆಂದರೆ ಅಲ್ಲಿ ಮಣ್ಣು ಸಂರಕ್ಷಣಾ ಡಿಸ್ಟ್ರಿಕ್ಟ್ ಅಂತ ಬೇರೆಯೇ ಇವೆ. ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 25ಕ್ಕಿಂತ ಜಾಸ್ತಿ ಈ ಯೋಜನೆಗೆ ಸೇರಿಸುವಂತಿಲ್ಲ ಎಂಬ ಮಿತಿಯೂ ಇದೆ. ನಿಮ್ಮ ಲೇಖನದಲ್ಲಿ ಆ ಲೆಕ್ಕ ಬಂದರೆ ಹೆಸರು ಬೆರೆಯಬಾರದು, ಅಲ್ವಾ?