1,899 ರೂಪಾಯಿಯ ‘ಮೈಸೂರು ಸಿಲ್ಕ್’: ನಿಜವೋ ನಕಲಿಯೋ, ಮನೆಯಲ್ಲೇ ತಿಳಿಯೋದು ಹೇಗೆ?

ಬನಶಂಕರಿ ಹುಡುಗಿ:
ಅಮ್ಮನಿಗೆ ಅರವತ್ತು ತುಂಬುತ್ತದೆ ಅಂತ ಆನ್‌ಲೈನಿನಲ್ಲಿ ಸೀರೆ ತರಿಸಿದೆ. ‘ಅಪ್ಪಟ ಮೈಸೂರು ಸಿಲ್ಕ್’ ಎಂದು ಬರೆದಿತ್ತು. ಗಿಳಿಹಸಿರು ಬಣ್ಣ, ಜರಿ ಅಂಚು. ಎರಡು ಸಾವಿರಕ್ಕೂ ಜಾಸ್ತಿ ರಿವ್ಯೂ, 4.4 ಸ್ಟಾರ್. ಸುಮ್ನೆ ಕಣ್ಣುಮುಚ್ಚಿ ತಗೊಂಡಿಲ್ಲ, ಒಂದು ಸಂಜೆ ಪೂರ್ತಿ ಓದಿದ್ದೇನೆ.

ಅಮ್ಮ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ “ಚೆನ್ನಾಗಿದೆ ಕಣೆ” ಎಂದರು. ಆ ದನಿಯಲ್ಲಿ ಹೇಳಿದರೆ ಚೆನ್ನಾಗಿಲ್ಲ ಅಂತ ಅರ್ಥ. ಡಬ್ಬದ ತಳದಲ್ಲಿ ಒಂದು ಚೀಟಿ ಬೇರೆ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ 100 ರೂಪಾಯಿ ವಾಪಸ್. ನಾನು ಓದಿದ್ದು ಯಾರ ರಿವ್ಯೂ ಅಂತ ಆಗ ಹೊಳೆಯಿತು. ರಿಟರ್ನ್ ಮಾಡಲು ಇನ್ನು ಮೂರೇ ದಿನ ಇದೆ. ಗೊತ್ತಿದ್ದವರು ಹೇಳಿ.

ಪೇಟೆ ಗುಮಾಸ್ತ:
ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಸೆರಗಿನ ತುದಿಯಿಂದ ಒಂದೆರಡು ಎಳೆ ಮಾತ್ರ ತೆಗೆಯಿರಿ. ಕತ್ತರಿ ಹಾಕಬೇಡಿ, ಆಮೇಲೆ ವಾಪಸ್ ತಗೊಳ್ಳಲ್ಲ ಅಂತಾರೆ. ಬೆಂಕಿಕಡ್ಡಿ ಗೀರಿ ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸಿನ (ಉದ್ದದ) ಎಳೆ, ಹೊಕ್ಕಿನ (ಅಡ್ಡದ) ಎಳೆ ಎರಡನ್ನೂ ನೋಡಿ. ಒಂದರಲ್ಲಿ ರೇಷ್ಮೆ, ಇನ್ನೊಂದರಲ್ಲಿ ಪಾಲಿಯೆಸ್ಟರ್ ಹಾಕಿ ನೇಯುವವರೂ ಇದ್ದಾರೆ.

ಇನ್ನೊಂದು ವಿಷಯ. ಎಳೆ ರೇಷ್ಮೆಯೇ ಆಗಿದ್ದರೂ ಅದು ಮೈಸೂರು ಸಿಲ್ಕ್ ಆಗಲ್ಲ. ಆ ಹೆಸರು ಕೆಎಸ್‌ಐಸಿಯದು, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಮೈಸೂರಿನ ಕಾರ್ಖಾನೆ 1912ರಿಂದ ಇದೆ. ಅವರ ಸೀರೆಗೆ ಹಾಲೊಗ್ರಾಮ್ ಇರುತ್ತದೆ, ಸೀರೆಯ ಮೇಲೇ ಅದರ ನಂಬರೂ ಇರುತ್ತದೆ. ‘ಸಿಲ್ಕ್ ಮಾರ್ಕ್’ ಲೇಬಲ್ ಬೇರೆ, ಅದು ಶುದ್ಧ ರೇಷ್ಮೆ ಎನ್ನುವುದಕ್ಕೆ ಮಾತ್ರ. ಅದನ್ನು ತಂದದ್ದು ನಮ್ಮ ಸಿಲ್ಕ್ ಬೋರ್ಡ್, ಅಂದರೆ ಕೇಂದ್ರ ರೇಷ್ಮೆ ಮಂಡಳಿ. ಹೌದು, ಬೆಂಗಳೂರಿನ ಟ್ರಾಫಿಕ್ ಜಾಮಿನ ಅದೇ ಸಿಲ್ಕ್ ಬೋರ್ಡ್!

ಮೂರು ಸ್ಟಾರ್:
ನಾನು ಐದು ಸ್ಟಾರಿನ ರಿವ್ಯೂ ಓದೋದನ್ನೇ ಬಿಟ್ಟಿದ್ದೇನೆ. ಮೂರು ಸ್ಟಾರ್ ಕೊಡಿ ಅಂತ ಯಾರೂ ದುಡ್ಡು ಕೊಡಲ್ಲ, ಅಲ್ವಾ? ‘ಹೊಸದು ಮೊದಲು’ ಅಂತ ಜೋಡಿಸಿ, ಹಳೆಯದರವರೆಗೂ ಹೋಗಿ ನೋಡಿ. ಒಮ್ಮೆ ಒಂದು ಕುಕ್ಕರಿನ ಪುಟದಲ್ಲಿ “ಚಾರ್ಜ್ ಬೇಗ ಆಗುತ್ತೆ, ಸೂಪರ್” ಎಂದಿತ್ತು. ಹಳೆಯ ಮಾಲಿನ ಪುಟಕ್ಕೇ ಹೊಸ ಮಾಲು ಕೂರಿಸಿದ್ದರು. ರಿವ್ಯೂಗಳಿಗೆ ಅಂತಲೇ ಬಿಐಎಸ್ (ಐಎಸ್‌ಐ ಗುರುತು ಕೊಡುವ ಸಂಸ್ಥೆ) 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಬರೆಸಬಾರದು ಅಂತ ಅದರಲ್ಲಿದೆ. ಆದರೆ ತಂದಾಗ ಪಾಲಿಸುವುದನ್ನು ಅವರವರ ಇಷ್ಟಕ್ಕೆ ಬಿಟ್ಟಿದ್ದರು. ಚೀಟಿ ಎಸೆಯಬೇಡಿ. ವಾಪಸ್ ತಗೊಳ್ಳಲು ತಕರಾರು ಮಾಡಿದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು.

ಬನಶಂಕರಿ ಹುಡುಗಿ:
ಸುಟ್ಟೆ. ಎರಡು ಎಳೆ, ಎರಡು ಕಪ್ಪು ಮಣಿ. ಕೂದಲ ವಾಸನೆಯೂ ಬಂತು, ಆದರೆ ಅದು ನನ್ನ ಮುಂಗುರುಳು!

ಸೀರೆ ಇವತ್ತು ವಾಪಸ್ ಹೋಯಿತು. ಅಮ್ಮನಿಗೆ ಹೇಳಿದರೆ “ಮುಟ್ಟಿದಾಗಲೇ ಗೊತ್ತಾಯ್ತು, ನೀನು ಆಸೆಯಿಂದ ತಂದಿದ್ದೆಯಲ್ಲ” ಎಂದರು. ಚೀಟಿಯ ಫೋಟೊ ಹಾಕಿ, ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೆದಿದ್ದೇನೆ. ಬೆಳಿಗ್ಗೆಯಿಂದ ‘ಪರಿಶೀಲನೆಯಲ್ಲಿದೆ’ ಅಂತಲೇ ತೋರಿಸುತ್ತಿದೆ.