ನೆಟ್ ಮಾಡುವುದಕ್ಕೆ ‘ಶ್ರುತಿ ಸೇರಿಸುವುದು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹಳೆಯ ಮಿಲಿಟರಿ ರೇಡಿಯೊಗಳನ್ನು ಬಯಲಿಗೆ ಒಯ್ದು ಬಳಸುವ ಹ್ಯಾಮ್‌ಗಳ (ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಪರಸ್ಪರ ಮಾತಾಡುವವರ) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕುಗಳಲ್ಲಿದ್ದ ‘ವೈರ್‌ಲೆಸ್ ಸೆಟ್ ನಂಬರ್ 19’ ಅನ್ನು ಅಲ್ಲಿನ ಹವ್ಯಾಸಿಗಳು ಈಗಲೂ ಹೊರಗೆ ಹೂಡಿ, 12 ವೋಲ್ಟ್ ಬ್ಯಾಟರಿ ಕೊಟ್ಟು, ಆಂಟೆನಾಗೆಂದು ಮರಕ್ಕೆ ತಂತಿ ಎಸೆದು, ಹ್ಯಾಮ್‌ಗಳು ಬಳಸುವ 80 ಮೀಟರ್ ಬ್ಯಾಂಡಿನಲ್ಲಿ ಮಾತಾಡುತ್ತಾರೆ. ಲೇಖನ ಸಲೀಸಾಗಿ ಸಾಗುತ್ತಿತ್ತು. ‘ನೆಟ್ಟಿಂಗ್’, ಅಂದರೆ ನೆಟ್ ಮಾಡುವುದು, ಅನ್ನುವುದಕ್ಕೆ ಕನ್ನಡದ ಮಾತು ಸಿಗದೆ ನಿಂತಿದೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಗುಂಪಿನ ಎಲ್ಲ ಸೆಟ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇರಬೇಕು. ಡಯಲ್ ಮೇಲಿನ ಗೆರೆಯನ್ನಷ್ಟೇ ನಂಬಿದರೆ ಸಾಲದು. ಹಾಗಾಗಿ ಕಂಟ್ರೋಲ್ ಸ್ಟೇಷನ್ ಮೊದಲು ಸಿಗ್ನಲ್ ಕಳಿಸುತ್ತದೆ. ಉಳಿದವರು ಅದನ್ನು ಹಿಡಿದು, ಸೆಟ್‌ನ ಮುಂದಿರುವ ‘ನೆಟ್’ ಸ್ವಿಚ್ ಹಾಕುತ್ತಾರೆ. ಹೆಡ್‌ಫೋನಿನಲ್ಲಿ ಒಂದು ಸಿಳ್ಳೆ ಕೇಳಿಸುತ್ತದೆ. ಅವರ ಸಿಗ್ನಲ್ಲಿಗೂ ನಮ್ಮ ಸೆಟ್ಟಿಗೂ ಎಷ್ಟು ವ್ಯತ್ಯಾಸ ಇದೆಯೋ ಅದೇ ಆ ಸಿಳ್ಳೆ. ನಾಬನ್ನು ಮೆಲ್ಲಗೆ ತಿರುಗಿಸಿದ ಹಾಗೆ ಸಿಳ್ಳೆ ದಪ್ಪವಾಗುತ್ತದೆ, ಗೊರಗೊರ ಅನ್ನುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಅಲ್ಲಿಗೆ ಎರಡೂ ಕೂಡಿದವು. 19ರಲ್ಲಿ ಕೇಳುವುದಕ್ಕೂ ಕಳಿಸುವುದಕ್ಕೂ ಫ್ರೀಕ್ವೆನ್ಸಿಯ ನಾಬ್ ಒಂದೇ. ಹಾಗಾಗಿ ಇಷ್ಟಾದರೆ ಸಾಕು.

ತಂಬೂರಿಯ ಎರಡು ತಂತಿ ಕೂಡಿಸುವಾಗಲೂ ಕಿವಿಗೆ ಇದೇ ಕೆಲಸ, ಅಲ್ವಾ? ತಂತಿಗಳು ಒಂದಿಷ್ಟು ಆಚೀಚೆ ಇದ್ದರೆ ನಾದ ತೂಗಾಡುತ್ತದೆ. ತೂಗಾಟ ನಿಧಾನವಾಗುತ್ತಾ ನಿಲ್ಲುತ್ತದೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ಎರಡರ ಹಿಂದಿರುವ ಭೌತಶಾಸ್ತ್ರವೂ ಒಂದೇ. ಅದಕ್ಕೇ ‘ಶ್ರುತಿ ಸೇರಿಸುವುದು’ ಎಂದು ಬರೆಯುವ ಮನಸ್ಸಾಗಿದೆ.

‘ಟ್ಯೂನ್ ಮಾಡು’ ಅನ್ನುವುದರ ಜೊತೆ ಗೊಂದಲ ಆಗುತ್ತದೆ ಎಂದು ಕೆಲವರು ಹೇಳಬಹುದು. ನನಗೆ ಹಾಗನಿಸುವುದಿಲ್ಲ. ರೇಡಿಯೊ ವಿಷಯದಲ್ಲಿ ನಾವು ‘ಸ್ಟೇಷನ್ ಹಿಡಿ’, ‘ಟ್ಯೂನ್ ಮಾಡು’ ಅನ್ನುತ್ತೇವೆ, ‘ಶ್ರುತಿ ಮಾಡು’ ಎಂದು ಯಾರೂ ಹೇಳುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಬಯಲಿನಲ್ಲಿ ಬಿಸಿಲಿಗೆ ಸೆಟ್ ಕಾದರೆ, ಗಾಳಿಗೆ ತಣ್ಣಗಾದರೆ ಫ್ರೀಕ್ವೆನ್ಸಿ ಸರಿಯುತ್ತದೆ. ಆಗ ‘ಸೆಟ್ ಶ್ರುತಿ ಬಿಟ್ಟಿದೆ, ಮತ್ತೆ ಸೇರಿಸಿ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸ್ವಿಚ್ಚಿನ ಹೆಸರನ್ನು ಮಾತ್ರ ‘ನೆಟ್’ ಎಂದೇ ಉಳಿಸುತ್ತೇನೆ. ಓದಿದವರು ಸೆಟ್ ಮೇಲೆ ಅದನ್ನು ಹುಡುಕಬೇಕು. (ಕೆನಡಾದಲ್ಲಿ ತಯಾರಾದ ಎಷ್ಟೋ 19 ಸೆಟ್‌ಗಳ ಮೇಲೆ ಇಂಗ್ಲಿಷಿನ ಜೊತೆ ರಷ್ಯನ್ ಬರಹವೂ ಇದೆ. ಸೋವಿಯತ್ ಸೇನೆಗೂ ಕೊಡುವುದಕ್ಕೆಂದು ಮಾಡಿದವು. ಯುದ್ಧದ ಅವಸರದಲ್ಲೂ ಯಾರೋ ಕೂತು ಒಂದೊಂದು ನಾಬಿಗೂ ಮಾತು ಹುಡುಕಿದ್ದಾರೆ!) ಸ್ಟೇಷನ್‌ಗಳ ಗುಂಪಿಗೂ ಹ್ಯಾಮ್‌ಗಳು ‘ನೆಟ್’ ಅಂತಲೇ ಹೇಳುವುದು. ಅಲ್ಲಿ ‘ಜಾಲ’ ಬೇಡ. ಓದುಗರ ಮನಸ್ಸು ನೇರ ಇಂಟರ್ನೆಟ್ ಕಡೆ ಹೋಗುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. ಕೊರಿಯಾ ಯುದ್ಧದಲ್ಲಿ ಅಮೆರಿಕನ್ನರು ಬಳಸಿದ ‘ಜಿಆರ್‌ಸಿ-9’ ಸೆಟ್ಟಿಗೆ ಕೈಯಿಂದ ತಿರುಗಿಸುವ ಜನರೇಟರ್ ಇದೆ. ಒಬ್ಬರು ಕೂತು ಎರಡೂ ಕೈಯಲ್ಲಿ ತಿರುಗಿಸಬೇಕು, ಇನ್ನೊಬ್ಬರು ಮೋರ್ಸ್ ಕೀ ಒತ್ತಬೇಕು. ಕೀ ಒತ್ತಿದ ಕೂಡಲೇ ಹಿಡಿ ಭಾರವಾಗುತ್ತದೆ, ಬಿಟ್ಟರೆ ಹಗುರ. ಇದಕ್ಕೆ ‘ಲೋಡ್ ಬೀಳುತ್ತದೆ’ ಎಂದು ಬರೆದಿದ್ದೇನೆ, ಮೋಟಾರು ರಿಪೇರಿಯವರ ಮಾತು. ‘ಹಿಡಿ ಜಗ್ಗುತ್ತದೆ’ ಅನ್ನುವುದು ಇನ್ನೂ ಚೆನ್ನಾಗಿರುತ್ತದೆಯೇ? ನಿಮ್ಮ ಕಡೆ ಏನನ್ನುತ್ತಾರೆ?

ಜಾಲಹಳ್ಳಿಯ ಬಿಇಎಲ್‌ನಲ್ಲಿ ಸೇನೆಯ ರೇಡಿಯೊಗಳ ಮೇಲೆ ಕೆಲಸ ಮಾಡಿದವರು, ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್‌ನಲ್ಲಿ ದುಡಿದು ಬಂದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ದಯವಿಟ್ಟು ಕೇಳಿ ನೋಡಿ. ಆ ಸಿಳ್ಳೆ ನಿಲ್ಲಿಸುವ ಕೆಲಸಕ್ಕೆ ಅವರ ಬಾಯಲ್ಲಿ ಬರುತ್ತಿದ್ದ ಮಾತು ಯಾವುದು? ಹಿಂದಿ ಬೆರೆತಿದ್ದರೂ ಪರವಾಗಿಲ್ಲ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.